ಸೋಪಿನ ನೀರಲ್ಲಿ ನೆನೆದ ಫೋನ್: ನಡೆಯುತ್ತಿದ್ದರೂ ಬಿಚ್ಚಿಸಬೇಕೇ?

ಪ್ರಶ್ನೆ: ಪ್ಯಾಂಟಿನ ಜೇಬಿನಲ್ಲಿ ಫೋನ್ ಇದ್ದದ್ದು ಗೊತ್ತಾಗದೆ ಬಟ್ಟೆಯ ಜೊತೆ ಅದನ್ನೂ ಸೋಪಿನ ಪುಡಿ ಕದಡಿದ ಬಕೆಟ್‌ನಲ್ಲಿ ನೆನೆಹಾಕಿಬಿಟ್ಟೆವು. 20 ನಿಮಿಷದ ಮೇಲೆ ತೆಗೆದಾಗ ಇನ್ನೂ ಆನ್ ಇತ್ತು. ಆಫ್ ಮಾಡಿ ಎರಡು ದಿನ ಅಕ್ಕಿ ಡಬ್ಬಿಯಲ್ಲಿಟ್ಟೆ. ಆಮೇಲೆ ಸರಿಯಾಗಿಯೇ ಆನ್ ಆಯಿತು. ಇದಾಗಿ 12 ದಿನ. ಈಗ ಚಾರ್ಜ್ ತುಂಬ ನಿಧಾನ, ಒಮ್ಮೊಮ್ಮೆ ಚಾರ್ಜಿಂಗ್ ಪೋರ್ಟಿನಲ್ಲಿ ತೇವಾಂಶವಿದೆ ಎಂಬ ಎಚ್ಚರಿಕೆ ಬರುತ್ತದೆ. ರಾತ್ರಿ ಇಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ 20% ಇಳಿದಿರುತ್ತದೆ. ಬಾಕ್ಸಿನ ಮೇಲೆ ಐಪಿ67 (ನೀರು, ಧೂಳು ತಡೆಯುವ ಮಟ್ಟ) ಎಂದು ಬರೆದಿದೆ. ಅಂಗಡಿಯವರು ಬಿಚ್ಚಿ ಬೋರ್ಡ್ ವಾಶ್ ಮಾಡಬೇಕು, ಅಂದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ತೊಳೆಯಬೇಕು ಅನ್ನುತ್ತಾರೆ. ಮನೆಯಲ್ಲಿ ‘ನಡೀತಿರೋದನ್ನ ಯಾಕೆ ಬಿಚ್ಚಿಸ್ತೀಯ’ ಅನ್ನುತ್ತಾರೆ. ಏನು ಮಾಡಲಿ? (ಶಿರಸಿಯ ಓದುಗರೊಬ್ಬರು)

ಉತ್ತರ:

ಬಿಚ್ಚಿಸಿ. ಈ ವಾರವೇ ಬಿಚ್ಚಿಸಿ. ಆದರೆ ಅಂಗಡಿಗೆ ಹೋಗುವ ಮುಂಚೆ ಇವತ್ತೇ ಒಂದು ಕೆಲಸ ಮುಗಿಸಿಕೊಳ್ಳಿ. ಫೋಟೊ, ಕಾಂಟ್ಯಾಕ್ಟ್, ವಾಟ್ಸ್‌ಆ್ಯಪ್, ಎಲ್ಲಿಯೂ ಬರೆದಿಟ್ಟಿರದ ನೋಟ್ಸ್ ಎಲ್ಲವನ್ನೂ ಬ್ಯಾಕಪ್ ಮಾಡಿ. ವೈಫೈ ಮೂಲಕವೇ ಮಾಡಿ, ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಬೇಡಿ, ಪೋರ್ಟೇ ಈಗ ಕಾಯಿಲೆಯ ಜಾಗ. ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಹಳೆಯ ಫೋನುಗಳಲ್ಲಿ ಬೋರ್ಡ್ ಸತ್ತರೂ ಮೆಮೊರಿ ಚಿಪ್ಪನ್ನು ಬಿಡಿಸಿ ಬೇರೆ ಯಂತ್ರದಲ್ಲಿಟ್ಟು ಫೋಟೊ ತೆಗೆಯಬಹುದಿತ್ತು. ಈಗಿನ ಫೋನುಗಳಲ್ಲಿ ಮೆಮೊರಿಯಲ್ಲಿರುವುದೆಲ್ಲ ಗೂಢಲಿಪಿಯಾಗಿರುತ್ತದೆ, ಅದನ್ನು ಬಿಡಿಸುವ ಕೀಲಿಕೈ ಅದೇ ಬೋರ್ಡಿನ ಪ್ರೊಸೆಸರ್‌ಗೆ ಕಟ್ಟುಬಿದ್ದಿರುತ್ತದೆ. ಆಂಡ್ರಾಯ್ಡ್ 10ರ ಜೊತೆ ಮಾರುಕಟ್ಟೆಗೆ ಬಂದ ಮತ್ತು ಆಮೇಲಿನ ಫೋನುಗಳಿಗೆ ಇದು ಕಡ್ಡಾಯ. ಅಂದರೆ ಬೋರ್ಡ್ ಜೀವಂತವಿದ್ದರೆ ಮಾತ್ರ ಡೇಟಾ. ನಿಮ್ಮ ಬೋರ್ಡ್ ಇವತ್ತು ಜೀವಂತವಿದೆ.

ಈಗ ಮನೆಯವರ ಪ್ರಶ್ನೆಗೆ ಬರೋಣ. ನಡೆಯುತ್ತಿರುವುದನ್ನು ಯಾಕೆ ಬಿಚ್ಚಿಸಬೇಕು?

ನೀರು ತಾನಾಗಿ ಫೋನನ್ನು ಕೊಲ್ಲುವುದಿಲ್ಲ. ಬ್ಯಾಟರಿ ಇಲ್ಲದ ಬೋರ್ಡನ್ನು ಶುದ್ಧ ನೀರಿನಲ್ಲಿ ಅದ್ದಿ ತೆಗೆದು ಚೆನ್ನಾಗಿ ಒಣಗಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರಿಪೇರಿ ಮಾಡುವವರು ದಿನವೂ ಮಾಡುವ ಕೆಲಸವೇ ಅದು. ಕೊಲ್ಲುವುದು ನೀರಿನಲ್ಲಿ ಕರಗಿದ ಉಪ್ಪು ಮತ್ತು ಕ್ಷಾರ, ಅದರ ಜೊತೆಗೆ ಕರೆಂಟು. ಫೋನಿನ ಬ್ಯಾಟರಿ ಸುಮಾರು 3.8 ವೋಲ್ಟಿನದು, ತುಂಬಿದಾಗ 4.4 ವೋಲ್ಟಿನ ಆಸುಪಾಸಿಗೆ ಹೋಗುತ್ತದೆ. ನೀರಿನ ಅಣುವನ್ನು ಒಡೆಯಲು 1.23 ವೋಲ್ಟ್ ಸಾಕು. ಹಾಗಾಗಿ ಬ್ಯಾಟರಿಯ ಪಾಸಿಟಿವ್ ಲೈನಿಗೂ ಅದರ ಪಕ್ಕದ ಗ್ರೌಂಡ್ (ನೆಗೆಟಿವ್) ಪಿನ್ನಿಗೂ ನಡುವೆ ಒಂದು ಹನಿ ಕೂತರೆ ಅಲ್ಲಿ ಪುಟ್ಟದೊಂದು ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆ ಶುರುವಾದಂತೆಯೇ. ಪಾಸಿಟಿವ್ ಕಡೆಯ ತಾಮ್ರ ಕರಗಿ ಹೊರಡುತ್ತದೆ, ನೆಗೆಟಿವ್ ಕಡೆ ಹೋಗಿ ಕೂರುತ್ತದೆ, ನಡುವೆ ಬೇರಿನ ಹಾಗೆ ಎಳೆ ಎಳೆಯಾಗಿ ಬೆಳೆಯುತ್ತದೆ. ಬೋರ್ಡಿನ ಕನೆಕ್ಟರುಗಳಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಇರುವ ಅಂತರ 0.35ರಿಂದ 0.4 ಮಿಲಿಮೀಟರ್. ಆ ಎಳೆ ದಾಟಬೇಕಾದ ದೂರ ಅಷ್ಟೇ.

ಫೋನ್ ಆಫ್ ಮಾಡಿದೆವಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಆಫ್ ಮಾಡಿದಾಗ ಪ್ರೊಸೆಸರ್ ಮಲಗುತ್ತದೆ, ಸ್ಕ್ರೀನಿಗೆ ಹೋಗುವ ವೋಲ್ಟೇಜ್ ನಿಲ್ಲುತ್ತದೆ. ಅದು ದೊಡ್ಡ ಲಾಭವೇ. ಎಲ್‌ಸಿಡಿ ಸ್ಕ್ರೀನಿನ ಬ್ಯಾಕ್‌ಲೈಟ್ ಲೈನಿನಲ್ಲಿ 20 ವೋಲ್ಟಿಗೂ ಮೇಲಿರುತ್ತದೆ, ಆನ್ ಇರುವಾಗ ನೀರು ಕುಡಿದ ಫೋನಿನಲ್ಲಿ ಮೊದಲು ಸುಡುವುದು ಅನೇಕ ಸಲ ಅದೇ. ಆದರೆ ಬ್ಯಾಟರಿಯಿಂದ ಪವರ್ ಐಸಿವರೆಗಿನ (ಬೋರ್ಡಿಗೆಲ್ಲ ಕರೆಂಟು ಹಂಚುವ ಚಿಪ್ಪು) ಲೈನ್ ಆಫ್ ಆದ ಮೇಲೂ ಜೀವಂತವಾಗಿಯೇ ಇರುತ್ತದೆ. ಗಡಿಯಾರ ಓಡುತ್ತಿರಬೇಕು, ಪವರ್ ಬಟನ್ ಒತ್ತಿದ್ದು ಗೊತ್ತಾಗಬೇಕು. ನಿಜವಾದ ಆಫ್ ಅಂದರೆ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ನಿಮ್ಮ ಫೋನಿನಲ್ಲಿ ಅದು ಈ 12 ದಿನದಲ್ಲಿ ಒಮ್ಮೆಯೂ ಆಗಿಲ್ಲ.

ಅಕ್ಕಿ ಡಬ್ಬಿಯಲ್ಲಿ ನೀರು ಹೋಯಿತು ಎಂದೇ ಇಟ್ಟುಕೊಳ್ಳೋಣ. ಸೋಪು ಎಲ್ಲಿ ಹೋಯಿತು? ಬಟ್ಟೆ ಸೋಪಿನ ಪುಡಿಯಲ್ಲಿ ನೊರೆ ಬರಿಸುವ ರಾಸಾಯನಿಕದ ಜೊತೆಗೆ ವಾಷಿಂಗ್ ಸೋಡ ಇರುತ್ತದೆ, ಇನ್ನೂ ಕೆಲವು ಲವಣಗಳಿರುತ್ತವೆ. ನೀರು ಆರಿದಾಗ ಅವೆಲ್ಲ ಪಿನ್ನುಗಳ ನಡುವೆಯೇ ಬಿಳಿ ಪೊರೆಯಾಗಿ ಉಳಿಯುತ್ತವೆ. ಬಿಸಿಲು ಕಾಲದಲ್ಲಾದರೆ ಆ ಪೊರೆ ಒಣಗಿ ಸುಮ್ಮನಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಭರಣಿ ತಾನಾಗಿ ನೀರೊಡೆಯುವುದನ್ನು ನೋಡಿದ್ದೀರಲ್ಲ, ಇದೂ ಹಾಗೆಯೇ. ಗಾಳಿಯ ತೇವ ಹೀರಿಕೊಂಡು ಮತ್ತೆ ಹಸಿಯಾಗುತ್ತದೆ, ಹಸಿಯಾದಷ್ಟು ಹೊತ್ತು ಕರೆಂಟು ಹರಿಸುತ್ತದೆ, ತಾಮ್ರ ತಿನ್ನುತ್ತದೆ. ತಾಮ್ರದ ಹಂಡೆಗೆ ಹಿಡಿಯುವ ಕಿಲುಬೇ ಇಲ್ಲೂ ಹಿಡಿಯುವುದು. ಹಂಡೆಯ ದಪ್ಪ ಇಲ್ಲಿಲ್ಲ ಅಷ್ಟೇ, ಬೋರ್ಡಿನ ತಾಮ್ರದ ಗೆರೆ ಕೂದಲೆಳೆಗಿಂತ ತೆಳ್ಳಗಿರುತ್ತದೆ. ಒಣಗಿಸುವುದು ಬೇರೆ, ತೊಳೆಯುವುದು ಬೇರೆ. ನಿಮ್ಮ ಫೋನ್ ಒಣಗಿದೆ, ತೊಳೆದಿಲ್ಲ. ನೀರಿಗೆ ಬಿದ್ದ ಫೋನ್ ಬದುಕಿ, ಒಂದೂವರೆ ತಿಂಗಳು ಚೆನ್ನಾಗಿ ನಡೆದು, ಒಂದು ಬೆಳಿಗ್ಗೆ ಏಳದೇ ಹೋಗುವುದು ಇದರಿಂದಲೇ.

ನೀವು ಹೇಳಿದ ಮೂರು ಲಕ್ಷಣಗಳೂ ಇದನ್ನೇ ಹೇಳುತ್ತಿವೆ. ಪೋರ್ಟಿನಲ್ಲಿ ತೇವಾಂಶ ಎಂಬ ಎಚ್ಚರಿಕೆ ಬರುವುದು ಫೋನಿಗೆ ನೀರು ಕಂಡಿದ್ದರಿಂದಲ್ಲ. ಪಿನ್ನುಗಳ ನಡುವೆ ಕರೆಂಟು ಸೋರುತ್ತಿದೆಯೇ ಎಂದು ಅದು ಅಳೆಯುತ್ತದೆ, ಸೋರಿದರೆ ನೀರಿದೆ ಎಂದುಕೊಳ್ಳುತ್ತದೆ. ಸೋಪಿನ ಪೊರೆ ತೇವ ಹಿಡಿದಾಗಲೂ ಸೋರುತ್ತದೆ. ಚಾರ್ಜ್ ನಿಧಾನವಾಗಿರುವುದಕ್ಕೆ ಕಾರಣ ಇದಿರಬೇಕು: ಚಾರ್ಜರ್ ಮತ್ತು ಫೋನ್ ಪರಸ್ಪರ ಮಾತಾಡಿಕೊಂಡು ವೇಗದ ಚಾರ್ಜಿಂಗ್ ಶುರು ಮಾಡುತ್ತವೆ. ಆ ಮಾತುಕತೆಯ ಪಿನ್ನುಗಳಿಗೆ ಕಿಲುಬು ಹಿಡಿದರೆ ಮಾತು ಮುರಿದು ಬಿದ್ದು, ಬರೀ 5 ವೋಲ್ಟಿನ ಕಡಿಮೆ ಕರೆಂಟಿಗೆ ಇಳಿಯುತ್ತದೆ. ಇವೆರಡೂ ಬಹುಮಟ್ಟಿಗೆ ಕೆಳಗಿನ ಚಾರ್ಜಿಂಗ್ ಬೋರ್ಡಿನ ತೊಂದರೆ, ಅದನ್ನು ಬದಲಾಯಿಸಬಹುದು. ನನಗೆ ಹೆಚ್ಚು ಆತಂಕವಿರುವುದು ಮೂರನೆಯದರ ಬಗ್ಗೆ. ರಾತ್ರಿ 20% ಇಳಿಯುವುದು. ಏರೋಪ್ಲೇನ್ ಮೋಡ್‌ಗೆ ಹಾಕಿ 8 ಗಂಟೆ ಇಟ್ಟು ನೋಡಿ. ಒಳ್ಳೆಯ ಫೋನ್ ಎರಡು-ಮೂರು ಪರ್ಸೆಂಟಿಗಿಂತ ಹೆಚ್ಚು ಇಳಿಯುವುದಿಲ್ಲ. ಆಗಲೂ 10-15 ಇಳಿದರೆ ಮುಖ್ಯ ಬೋರ್ಡಿನಲ್ಲೇ ಎಲ್ಲೋ ಕರೆಂಟು ಸೋರುತ್ತಿದೆ. ಸುಮ್ಮನೆ ಇಟ್ಟಿದ್ದಾಗಲೂ ಕ್ಯಾಮೆರಾದ ಪಕ್ಕ ಬೆನ್ನು ಬೆಚ್ಚಗಿದ್ದರೆ ಅನುಮಾನವೇ ಬೇಡ.

ಐಪಿ67 ಇದ್ದೂ ನೀರು ಹೇಗೆ ಹೋಯಿತು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಆ ಅಂಕಿಯ ಅರ್ಥ, ಹೊಸ ಫೋನನ್ನು 1 ಮೀಟರ್ ಆಳದ ನಿಂತ ಸಿಹಿನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷೆ ಮಾಡಲಾಗಿದೆ ಎಂದು. ಸೋಪಿನ ನೀರಿನಲ್ಲಿ ಅಲ್ಲ, ಬಿಸಿನೀರಿನಲ್ಲಿ ಅಲ್ಲ, ಎರಡು ವರ್ಷ ಜೇಬಿನಲ್ಲಿ ಬಾಗಿ, ನಾಲ್ಕು ಸಲ ನೆಲಕ್ಕೆ ಬಿದ್ದ ಫೋನಿನ ಮೇಲೂ ಅಲ್ಲ. ಸ್ಪೀಕರ್ ಮತ್ತು ಮೈಕಿನ ತೂತುಗಳ ಒಳಗೆ ತೆಳುವಾದ ಜಾಲರಿ ಇರುತ್ತದೆ. ಗಾಳಿ ಹೋಗುತ್ತದೆ, ನೀರು ಹೋಗುವುದಿಲ್ಲ. ನೀರು ಹೋಗದಿರುವುದು ಅದರ ಮೇಲ್ಮೈ ಬಿಗಿತದಿಂದ, ಕೆಸುವಿನ ಎಲೆಯ ಮೇಲೆ ಹನಿ ಉರುಟಾಗಿ ನಿಲ್ಲುತ್ತದಲ್ಲ, ಹಾಗೆ. ಸೋಪಿನ ಕೆಲಸವೇ ಆ ಬಿಗಿತವನ್ನು ಮುರಿಯುವುದು. ಬಟ್ಟೆಯ ನೂಲಿನೊಳಕ್ಕೆ ನೀರು ಇಳಿಯುವಂತೆ ಮಾಡುವ ಗುಣವೇ ಜಾಲರಿಯನ್ನೂ ದಾಟಿಸುತ್ತದೆ. ಹಾಗಾಗಿ ತಯಾರಕರನ್ನು ದೂರಿ ಪ್ರಯೋಜನವಿಲ್ಲ. ವಾರಂಟಿಯಲ್ಲೂ ಸಾಮಾನ್ಯವಾಗಿ ನೀರಿನ ಹಾನಿ ಸೇರಿರುವುದಿಲ್ಲ. ಪ್ರತ್ಯೇಕ ಇನ್ಶೂರೆನ್ಸ್ ಮಾಡಿಸಿದ್ದರೆ ಮಾತ್ರ ಹೊರಗೆ ಬಿಚ್ಚಿಸುವ ಮುಂಚೆ ಅವರಿಗೆ ಫೋನ್ ಮಾಡಿ. ಸಿಮ್ ಟ್ರೇ ಹೊರತೆಗೆದು ಟಾರ್ಚ್ ಬಿಟ್ಟರೆ ಅನೇಕ ಫೋನುಗಳಲ್ಲಿ ಒಳಗೊಂದು ಸಣ್ಣ ಬಿಳಿ ಸ್ಟಿಕರ್ ಕಾಣುತ್ತದೆ. ಅದು ಕೆಂಪಾಗಿದ್ದರೆ ನೀರು ತಾಗಿದೆ ಎಂದು ಸರ್ವಿಸ್ ಸೆಂಟರಿನವರಿಗೆ ಅಲ್ಲೇ ಗೊತ್ತಾಗುತ್ತದೆ.

ಅಕ್ಕಿಯ ವಿಷಯ. ಇಷ್ಟು ಜನ ನಂಬುವ ಮತ್ತು ಇಷ್ಟು ಫೋನುಗಳನ್ನು ಹಾಳು ಮಾಡಿದ ಉಪಾಯ ಬೇರೆ ಇಲ್ಲ. ಡಬ್ಬಿಯ ಅಕ್ಕಿಯಲ್ಲಿ ಸಾಮಾನ್ಯವಾಗಿ 12ರಿಂದ 14% ತೇವ ಮೊದಲೇ ಇರುತ್ತದೆ, ಆಷಾಢದ ಶಿರಸಿಯಲ್ಲಿ ಅದಕ್ಕಿಂತ ಕಡಿಮೆ ಇರಲಾರದು. ಅದು ಫೋನಿನೊಳಗೆ ಚಿಪ್ಪುಗಳನ್ನು ಮುಚ್ಚಿರುವ ಲೋಹದ ಶೀಲ್ಡಿನ ಕೆಳಗೆ ಕೂತ ಹನಿಯನ್ನು ಎಳೆದುಕೊಳ್ಳುವುದಿಲ್ಲ. ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಇಟ್ಟಿದ್ದರೆ ಅಕ್ಕಿಗಿಂತ ಬೇಗ ಒಣಗುತ್ತಿತ್ತು. ಮೇಲಾಗಿ ಅಕ್ಕಿಯ ಹಿಟ್ಟು ಪೋರ್ಟಿಗೆ ಸೇರಿ, ತೇವದ ಜೊತೆ ಅಂಟಿನಂತಾಗುತ್ತದೆ. ಆ್ಯಪಲ್ ಕಂಪನಿಯೇ ತನ್ನ ಸೂಚನೆಗಳಲ್ಲಿ ಅಕ್ಕಿಚೀಲದಲ್ಲಿ ಇಡಬೇಡಿ ಎಂದು ಸ್ಪಷ್ಟವಾಗಿ ಬರೆದಿದೆ. ಅಕ್ಕಿಯಲ್ಲಿಟ್ಟ ಫೋನ್ ಬದುಕಿದರೆ ಅದು ಎರಡು ದಿನ ಆಫ್ ಇದ್ದದ್ದರಿಂದ ಬದುಕಿದೆ, ಅಕ್ಕಿಯಿಂದ ಅಲ್ಲ. ದೊಡ್ಡ ನಷ್ಟವೆಂದರೆ, ಬೋರ್ಡ್ ತೊಳೆಯಬಹುದಾಗಿದ್ದ ಮೊದಲ 48 ಗಂಟೆ ಡಬ್ಬಿಯೊಳಗೆ ಕಳೆದುಹೋಗುತ್ತದೆ.

ಹಾಗಾದರೆ ನೀರಿನಿಂದ ತೆಗೆದ ಕ್ಷಣ ಏನು ಮಾಡಬೇಕು? ನಿಮಗೆ ಈಗ ತಡವಾಯಿತು, ಮನೆಯಲ್ಲಿ ಇನ್ನೊಬ್ಬರಿಗೆ ಬೇಕಾಗಬಹುದು. ಆನ್ ಇದ್ದರೆ ಗಾಜನ್ನು ಒಣಬಟ್ಟೆಯಿಂದ ಒರೆಸಿ ಆಫ್ ಮಾಡಿ. ಗಾಜಿನ ಮೇಲೆ ನೀರಿದ್ದರೆ ಟಚ್ ಕೇಳುವುದಿಲ್ಲ, ಒರೆಸಿದರೆ ಕೇಳುತ್ತದೆ. ಬಟನ್ನುಗಳನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳು ಆಫ್ ಆಗುವುದಿಲ್ಲ, ರೀಸ್ಟಾರ್ಟ್ ಆಗುತ್ತವೆ, ಈ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಮೆನುವಿನಿಂದಲೇ ಆಫ್ ಮಾಡಿ. ಆಫ್ ಆಗಿಯೇ ಇದ್ದರೆ, ‘ಬದುಕಿದೆಯಾ ನೋಡೋಣ’ ಎಂದು ಆನ್ ಮಾಡಲೇಬೇಡಿ. ಚಾರ್ಜರ್ ಹಾಕಬೇಡಿ. ಕವರ್, ಸಿಮ್ ಟ್ರೇ ತೆಗೆಯಿರಿ. ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಕೊಡವಿದರೆ ಒಂದು ಮೂಲೆಯಲ್ಲಿದ್ದ ನೀರು ಇಡೀ ಬೋರ್ಡಿಗೆ ಹರಡುತ್ತದೆ. ಸಿಮ್ ಒರೆಸಿ ಬೇರೆ ಫೋನಿಗೆ ಹಾಕಿಕೊಳ್ಳಿ, ಸಿಮ್‌ಗೆ ನೀರಿನಿಂದ ಏನೂ ಆಗಿರುವುದಿಲ್ಲ. ಗಾಬರಿಯಲ್ಲಿ ಡೂಪ್ಲಿಕೇಟ್ ಸಿಮ್ ತೆಗೆಸಿದರೆ ಮೊದಲ 24 ಗಂಟೆ ಎಸ್‌ಎಮ್‌ಎಸ್ ಬರುವುದಿಲ್ಲ, ಬ್ಯಾಂಕಿನ ಒಟಿಪಿ ಬೇಕಾದವರು ಒದ್ದಾಡುತ್ತಾರೆ.

ಹೇರ್ ಡ್ರೈಯರ್ ಬೇಡ, ಅದರ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ, ಬಿಸಿ ಅಂಟನ್ನು ಸಡಿಲಿಸುತ್ತದೆ. ಒಲೆಯ ಮೇಲಿನ ಅಟ್ಟ ಬೇಡ, ಅಡಿಕೆ ಡ್ರೈಯರ್ ಅಂತೂ ಬೇಡವೇ ಬೇಡ: ಲಿಥಿಯಂ ಬ್ಯಾಟರಿ 60 ಡಿಗ್ರಿ ದಾಟಬಾರದು. ಟೇಬಲ್ ಫ್ಯಾನಿನ ಮುಂದೆ ಪೋರ್ಟ್ ಕೆಳಗಾಗಿ ಓರೆಯಾಗಿ ನಿಲ್ಲಿಸಿ. ಮಳೆ ಹಿಡಿದ ದಿನ ಗಾಳಿಯೇ ಹಸಿ, ಆಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಾಲು ಕೆಜಿ ಸಿಲಿಕಾ ಜೆಲ್ ಜೊತೆ ಇಡುವುದು ಮೇಲು. ಶೂ ಬಾಕ್ಸಿನಲ್ಲಿ ಬರುವ ಎರಡು ಪೊಟ್ಟಣ ಸಾಲದು, ಅವು ತೆರೆದ ಕೆಲವೇ ಗಂಟೆಗಳಲ್ಲಿ ತೇವ ಕುಡಿದು ತುಂಬಿಹೋಗಿರುತ್ತವೆ. ಇದಿಷ್ಟೂ ರಿಪೇರಿಯವರ ಕೈಗೆ ಸೇರುವವರೆಗಿನ ಕಾವಲು ಮಾತ್ರ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಸಮುದ್ರಕ್ಕೆ ಬಿದ್ದ ಫೋನಾದರೆ ಕಾಯುವ ಲೆಕ್ಕವೇ ಬೇರೆ. ಲೀಟರಿಗೆ 35 ಗ್ರಾಂ ಉಪ್ಪು ಅದು. ವಾಟರ್ ರೆಸಿಸ್ಟೆಂಟ್ ಫೋನನ್ನು ಆಫ್ ಮಾಡಿದ ಕೂಡಲೇ ಸಿಮ್ ಟ್ರೇ ಮುಚ್ಚಿದ ಹಾಗೆಯೇ ಹೊರಮೈಯನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಬೇಕು, ಅದೇ ದಿನ ಬಿಚ್ಚಿಸಬೇಕು. ಮರುದಿನಕ್ಕೆ ಬಿಟ್ಟರೆ ಬೋರ್ಡಿನ ಮೇಲೆ ಹಸಿರು ಕಾಣಿಸಿಕೊಳ್ಳುತ್ತದೆ.

ಈಗ ಬೋರ್ಡ್ ವಾಶ್. ಈ ಎರಡು ಪದದಲ್ಲಿ ಒಳ್ಳೆಯ ಕೆಲಸವೂ ಬರುತ್ತದೆ, ಕೆಟ್ಟ ಕೆಲಸವೂ ಬರುತ್ತದೆ. ಬೆನ್ನು ಬಿಚ್ಚಿ, ಬೋರ್ಡಿನ ಮೇಲೆ ಥಿನ್ನರ್ ಸುರಿದು, ಹಲ್ಲುಜ್ಜುವ ಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿ, ಹೀಟ್ ಗನ್ ಹಿಡಿದು ಹತ್ತು ನಿಮಿಷದಲ್ಲಿ ಕೊಟ್ಟರೂ ಅದನ್ನು ಬೋರ್ಡ್ ವಾಶ್ ಎಂದೇ ಕರೆಯುತ್ತಾರೆ. ಅದು ನಿಮ್ಮ ಫೋನಿಗೆ ಸಾಲದು. ಥಿನ್ನರ್ ಪ್ಲಾಸ್ಟಿಕ್ ಕನೆಕ್ಟರನ್ನೂ ಅಂಟನ್ನೂ ಕರಗಿಸುತ್ತದೆ. ಸೋಪನ್ನಾಗಲಿ ಉಪ್ಪನ್ನಾಗಲಿ ಅದು ಕರಗಿಸುವುದೇ ಇಲ್ಲ.

ಸರಿಯಾಗಿ ಮಾಡುವವರು ಹೀಗೆ ಮಾಡುತ್ತಾರೆ. ಬೆನ್ನನ್ನು 70-80 ಡಿಗ್ರಿಯ ಹೀಟ್ ಮ್ಯಾಟ್ ಮೇಲೆ ಕೆಲವೇ ನಿಮಿಷ, ಬ್ಯಾಟರಿಗೆ ಬಿಸಿ ಏರುವ ಮುಂಚೆ ತೆಗೆಯುವಂತೆ ಇಟ್ಟು, ಅಂಟು ಮೆತ್ತಗಾದ ಮೇಲೆ ತೆಳುವಾದ ಪ್ಲಾಸ್ಟಿಕ್ ಪಿಕ್ ತೂರಿಸಿ ಬಿಡಿಸುತ್ತಾರೆ. ಎಲ್ಲಕ್ಕಿಂತ ಮೊದಲು ಕೈಹಾಕುವುದು ಬ್ಯಾಟರಿ ಕನೆಕ್ಟರಿಗೆ, ಅದೂ ಪ್ಲಾಸ್ಟಿಕ್ ಉಪಕರಣದಿಂದ. ಆಮೇಲೆ ಮುಖ್ಯ ಬೋರ್ಡ್ ಮತ್ತು ಚಾರ್ಜಿಂಗ್ ಬೋರ್ಡ್ ಎರಡನ್ನೂ ಹೊರತೆಗೆದು, ಕ್ಯಾಮೆರಾಗಳನ್ನು ಬಿಡಿಸಿ, ಚಿಪ್ಪುಗಳ ಮೇಲಿನ ಲೋಹದ ಶೀಲ್ಡ್ ಎತ್ತುತ್ತಾರೆ. ಶೀಲ್ಡ್ ಎತ್ತದೆ ತೊಳೆದರೆ ತೊಳೆದಂತೆಯೇ ಅಲ್ಲ, ನೀರು ಹೆಚ್ಚು ಹೊತ್ತು ನಿಲ್ಲುವುದು ಅದರ ಅಡಿಯಲ್ಲೇ. ಇಲ್ಲಿಗೆ ಬಂದಾಗ ಮೈಕ್ರೋಸ್ಕೋಪಿನ ಪರದೆಯನ್ನು ನಿಮಗೂ ತೋರಿಸಲು ಹೇಳಿ. ಕಾಲು ಮಿಲಿಮೀಟರಿಗೂ ಕಡಿಮೆ ಅಗಲದ ಚಿನ್ನದ ಬಣ್ಣದ ಪಿನ್ನುಗಳು ಸಾಲಾಗಿ ನಿಂತಿರುತ್ತವೆ, ಅವುಗಳಲ್ಲಿ ಒಂದೆರಡರ ಬುಡದಲ್ಲಿ ಮಾತ್ರ ಹಸಿರು ಹುಡಿ ಮೆತ್ತಿರುತ್ತದೆ. ಎಲ್ಲದರಲ್ಲೂ ಅಲ್ಲ, ವೋಲ್ಟೇಜ್ ಇದ್ದ ಪಿನ್ನಿನಲ್ಲಿ ಮಾತ್ರ. ಪಕ್ಕದ ಗ್ರೌಂಡ್ ಪಿನ್ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಹಸಿರು ಎಂದರೆ ತಾಮ್ರ ತಿಂದಿದೆ. ಬಿಳಿ ಎಂದರೆ ಸೋಪು, ಗಡುಸು ನೀರಿನ ಲವಣ, ಇಲ್ಲವೇ ಬೆಸುಗೆಯ ತವರ ಹಾಳಾದದ್ದು. ಕಪ್ಪು ಎಂದರೆ ಸುಟ್ಟಿದೆ, ಒದ್ದೆಯಿದ್ದಾಗ ಚಾರ್ಜ್ ಹಾಕಿದ ಫೋನುಗಳ ಪೋರ್ಟಿನಲ್ಲಿ ಇದು ಕಾಣುತ್ತದೆ. ಚಿಪ್ಪುಗಳ ಸುತ್ತ ಹರಡಿರುವ ಕೆಪಾಸಿಟರುಗಳಲ್ಲಿ ಕೆಲವು 0.4 ಮಿಲಿಮೀಟರ್ ಉದ್ದ, 0.2 ಅಗಲ. ಗಸಗಸೆ ಕಾಳಿಗಿಂತ ಚಿಕ್ಕವು. ಅವುಗಳಲ್ಲಿ ಒಂದು ಶಾರ್ಟ್ ಆದರೂ ಫೋನ್ ಸತ್ತಂತೆಯೇ ಮಲಗುತ್ತದೆ, ಅದೊಂದನ್ನು ತೆಗೆದರೆ ಏಳುತ್ತದೆ.

ತೊಳೆಯುವ ಕ್ರಮದಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಎಲ್ಲರೂ ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯ ವಸ್ತು, ನೀರಿನ ಜೊತೆ ಬೆರೆತು ಅದನ್ನು ಹೊತ್ತುಕೊಂಡು ಬೇಗ ಆರುತ್ತದೆ. ಆದರೆ ಉಪ್ಪು ಮತ್ತು ಸೋಡ ಅದರಲ್ಲಿ ಕರಗುವುದಿಲ್ಲ ಎಂದರೂ ಸರಿಯೇ. ಬರೀ ಐಪಿಎಯಿಂದ ಉಜ್ಜಿದರೆ ಸೋಪಿನ ಪೊರೆ ಜಾಗ ಬದಲಾಯಿಸುತ್ತದೆ ಅಷ್ಟೇ. ನಿಮ್ಮ ಫೋನಿನಂಥದಕ್ಕೆ ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ. ಬೋರ್ಡನ್ನು ಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿ ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತಿಕ್ಕಬೇಕು, ನೀರು ಬದಲಾಯಿಸಿ ಎರಡನೇ ಸಲ, ಮೂರನೇ ಸಲ. ಅಲ್ಟ್ರಾಸಾನಿಕ್ ಕ್ಲೀನರ್ ಇದ್ದರೆ ಚಿಪ್ಪುಗಳ ಅಡಿಯಲ್ಲಿ ಬ್ರಷ್ ತಲುಪದ ಕಡೆಗೂ ತಲುಪುತ್ತದೆ. ಬೋರ್ಡಿಗೆಂದೇ ಸಿಗುವ ದ್ರಾವಣ ಹಾಕಿ ಮೂರರಿಂದ ಐದು ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಬೋರ್ಡಿನ ಮೇಲೆಯೇ ಇರುವ ಮೈಕು, ಗೈರೊ ಸೆನ್ಸರಿನಂಥ ಸೂಕ್ಷ್ಮ ಭಾಗಗಳು ಕಂಪನಕ್ಕೆ ಹಾಳಾಗಬಹುದು. ಸ್ಕ್ರೀನ್, ಬ್ಯಾಟರಿ, ಕ್ಯಾಮೆರಾ, ಸ್ಪೀಕರ್ ಇವನ್ನು ಆ ತೊಟ್ಟಿಗೆ ಹಾಕಲೇಬಾರದು. ಕೊನೆಗೆ 99% ಐಪಿಎಯಲ್ಲಿ ಎರಡು-ಮೂರು ನಿಮಿಷ ಅದ್ದಿ ನೀರನ್ನೆಲ್ಲ ಹೊರಡಿಸಿ, 50-60 ಡಿಗ್ರಿಯಲ್ಲಿ ಕನಿಷ್ಠ ಒಂದು ಗಂಟೆ ಒಣಗಿಸಬೇಕು. ಮೆಡಿಕಲ್ ಶಾಪಿನ 70% ದ್ರಾವಣದಲ್ಲಿ ಉಳಿದದ್ದು ನೀರೇ, ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಕೂಡ ಇರುತ್ತದೆ, ಅವೆರಡೂ ಆಗುವುದಿಲ್ಲ.

ಕೆಲವರು ಇದನ್ನೆಲ್ಲ ಮನೆಯಲ್ಲೇ ಮಾಡಲು ಹೊರಡುತ್ತಾರೆ. ಹಳೆಯ ಫೋನ್ ಮೇಲೆ ಕೈ ಪಳಗಿದವರು ಮಾಡಬಹುದು. ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದೇ ಕಪಾಟಿನಲ್ಲಿ ಬ್ಯಾಟರಿ ಆ್ಯಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದಿ ತನ್ನಿ. ಐಪಿಎ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವ ವಸ್ತು, ಅಡುಗೆಮನೆಯಲ್ಲಿ, ದೇವರ ದೀಪದ ಪಕ್ಕ ಬಾಟಲಿ ತೆರೆಯಬೇಡಿ. ಬ್ಯಾಟರಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಚುಚ್ಚಿಕೊಂಡು ಬೆಂಕಿ ಏಳುತ್ತದೆ, ಅಂಟಿನಿಂದ ಅದು ಬಿಡದಿದ್ದರೆ ಬಿಟ್ಟುಬಿಡಿ, ಕನೆಕ್ಟರ್ ಬಿಡಿಸಿದರೆ ಸಾಕು. ಮೊದಲ ಸಲ ಬಿಚ್ಚುವವರಿಗೆ ನಾನು ಈ ಕೆಲಸ ಹೇಳುವುದಿಲ್ಲ. ಪಿಕ್ ಒಂದು ಸೆಂಟಿಮೀಟರ್ ಹೆಚ್ಚು ಒಳಗೆ ಹೋದರೂ ಬೆನ್ನಿನ ಕೆಳಗೆ ಓಡುವ ಫ್ಲೆಕ್ಸ್ ಸ್ಟ್ರಿಪ್ (ತೆಳ್ಳನೆಯ ಪಟ್ಟಿಯಂಥ ವೈರು) ಕಡಿದುಹೋಗುತ್ತದೆ.

ತೊಳೆದಾದ ಮೇಲೆ ತಕ್ಷಣ ಬ್ಯಾಟರಿ ಹಾಕಿ ಆನ್ ಮಾಡುವವರಿಗಿಂತ ಅಳೆದು ನೋಡುವವರ ಕೈಗೆ ಫೋನ್ ಕೊಡಿ. ಮಲ್ಟಿಮೀಟರನ್ನು ಡಯೋಡ್ ಮೋಡ್‌ನಲ್ಲಿಟ್ಟು ಬ್ಯಾಟರಿ ಕನೆಕ್ಟರಿನ ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ನೋಡಿದಾಗ ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟ್ ಇದೆ. ಇಲ್ಲದಿದ್ದರೆ ಡಿಸಿ ಪವರ್ ಸಪ್ಲೈಯಿಂದ 4 ವೋಲ್ಟ್ ಕೊಡುತ್ತಾರೆ. ಪವರ್ ಬಟನ್ ಒತ್ತುವ ಮುಂಚೆ ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿರಬೇಕು. ಆಗಲೇ 50, 100 ಮಿಲಿಆಂಪಿಯರ್ ಎಳೆಯುತ್ತಿದ್ದರೆ ಅದೇ ನಿಮ್ಮ ರಾತ್ರಿಯ 20%. ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಥರ್ಮಲ್ ಕ್ಯಾಮೆರಾ ಬಳಸುತ್ತಾರೆ, ಇಲ್ಲದವರು ಬೋರ್ಡಿಗೆ ರೋಸಿನ್ (ಬೆಸುಗೆಗೆ ಬಳಸುವ ರಾಳ) ಹೊಗೆ ಹಿಡಿದು ಬಿಳಿ ಲೇಪ ಬರಿಸಿ, ಯಾವ ಭಾಗದ ಮೇಲೆ ಮೊದಲು ಕರಗುತ್ತದೋ ನೋಡುತ್ತಾರೆ. ಎರಡನೆಯದೂ ನಂಬಿಕೆಗೆ ಯೋಗ್ಯವಾದ ವಿಧಾನವೇ, ಊರಿನ ಅಂಗಡಿಯಲ್ಲಿ ಥರ್ಮಲ್ ಕ್ಯಾಮೆರಾ ಇಲ್ಲವೆಂದು ಹಿಂದೆ ಬರಬೇಕಿಲ್ಲ. ಮೈಕ್ರೋಸ್ಕೋಪ್ ಮತ್ತು ಡಿಸಿ ಸಪ್ಲೈ ಎರಡೂ ಇಲ್ಲದಿದ್ದರೆ ಮಾತ್ರ ಬೇರೆ ಕಡೆ ನೋಡಿ. ಊರಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಹೋಗುವವರ ಕೈಲಿ ಕಳಿಸಿ, ಆಫ್ ಮಾಡಿ ಕಳಿಸಿ.

ಅಂಗಡಿಯಲ್ಲಿ ಕೊಡುವಾಗ ಮೂರು ಮಾತು ಸ್ಪಷ್ಟವಾಗಿ ಹೇಳಿ. ಸೋಪಿನ ನೀರಿಗೆ ಬಿದ್ದಿತ್ತು, 12 ದಿನವಾಯಿತು ಎನ್ನುವುದನ್ನು ಮುಚ್ಚಿಡಬೇಡಿ, ತೊಳೆಯುವ ವಿಧಾನ ಅದರ ಮೇಲೆಯೇ ನಿಂತಿದೆ. ಡೇಟಾ ಮುಖ್ಯ, ಫ್ಲ್ಯಾಶ್ ಮಾಡುವುದು (ಸಾಫ್ಟ್‌ವೇರ್ ಹೊಸದಾಗಿ ಹಾಕುವುದು), ರೀಸೆಟ್ ಮಾಡುವುದು ಬೇಡ. ಚಾರ್ಜಿಂಗ್ ಬೋರ್ಡಿನ ಪೋರ್ಟಿಗೆ ಕಿಲುಬು ಹಿಡಿದಿದ್ದರೆ ಕೆರೆದು ಕೊಡದೆ ಬದಲಾಯಿಸಲಿ. ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನುಗಳಿಗೆ ಅದು ಸಾಮಾನ್ಯವಾಗಿ ನೂರರ ಲೆಕ್ಕದಲ್ಲಿ ಸಿಗುವ ಭಾಗ, ಕೆರೆದ ಪಿನ್ನಿನ ಚಿನ್ನದ ಲೇಪ ಹೋಗಿರುವುದರಿಂದ ಮತ್ತೆ ಎರಡೇ ತಿಂಗಳಲ್ಲಿ ಕಿಲುಬು ಹಿಡಿಯುತ್ತದೆ. ಸರ್ವಿಸ್ ಸೆಂಟರಿಗೆ ಹೋದರೆ ಇಡೀ ಬೋರ್ಡ್ ಬದಲಾಯಿಸುವ ಎಸ್ಟಿಮೇಟ್ ಕೊಡುವ ಸಂಭವವೇ ಹೆಚ್ಚು. ಹೊಸ ಬೋರ್ಡಿನಲ್ಲಿ ನಿಮ್ಮ ಹಳೆಯ ಡೇಟಾ ಇರುವುದಿಲ್ಲ, ಖರ್ಚೂ ಅರ್ಧ ಫೋನಿನಷ್ಟಾಗುತ್ತದೆ.

ಬ್ಯಾಟರಿಯ ಮೇಲಂಚಿನಲ್ಲಿ ಟೇಪಿನ ಕೆಳಗೆ ಒಂದು ಪುಟ್ಟ ರಕ್ಷಣಾ ಬೋರ್ಡ್ ಇರುತ್ತದೆ, ಅತಿಯಾಗಿ ಚಾರ್ಜ್ ಆಗದಂತೆ, ಶಾರ್ಟ್ ಆದರೆ ಕಡಿಯುವಂತೆ ನೋಡಿಕೊಳ್ಳುವುದು ಅದೇ. ಸೋಪಿನ ನೀರು ಅಲ್ಲಿಗೂ ಹೋಗಿದ್ದರೆ, ಅಥವಾ ಬ್ಯಾಟರಿ ಸ್ವಲ್ಪವಾದರೂ ಉಬ್ಬಿದ್ದರೆ, ಬದಲಾಯಿಸಿ. ಇದರಲ್ಲಿ ಜಿಪುಣತನ ಬೇಡ, ರಾತ್ರಿ ದಿಂಬಿನ ಪಕ್ಕ ಇಟ್ಟುಕೊಳ್ಳುವ ವಸ್ತು ಇದು. ಅಂಗಡಿಗೆ ಕೊಡುವವರೆಗೂ ಹಗಲಲ್ಲೇ, ಕಣ್ಣೆದುರಲ್ಲೇ ಚಾರ್ಜ್ ಮಾಡಿ. ತೇವಾಂಶದ ಎಚ್ಚರಿಕೆ ಬಂದಾಗ ಅದನ್ನು ತಳ್ಳಿಹಾಕಿ ಚಾರ್ಜ್ ಮುಂದುವರಿಸುವ ಆಯ್ಕೆ ಕೊಟ್ಟರೂ ಒತ್ತಬೇಡಿ.

ಯಾವಾಗ ಕೈಬಿಡಬೇಕು? ಬೋರ್ಡಿನ ಒಳಪದರದ ಗೆರೆಗಳೇ ತಿಂದುಹೋಗಿದ್ದರೆ, ಪ್ರೊಸೆಸರಿನ ಅಡಿಯಲ್ಲೇ ಕಿಲುಬು ಇಳಿದಿದ್ದರೆ, ರೀಬಾಲ್ ಮಾಡಿಸಿ (ಚಿಪ್ಪು ಎತ್ತಿ ಅಡಿಯ ಬೆಸುಗೆಯನ್ನು ಹೊಸದಾಗಿ ಹಾಕಿಸಿ) ಹೇಗೋ ಎಬ್ಬಿಸಬಹುದು. ಎದ್ದರೆ ಡೇಟಾ ತೆಗೆದುಕೊಂಡು ಫೋನಿಗೆ ಕೈಮುಗಿಯಿರಿ, ಅಂಥದ್ದು ಹೆಚ್ಚು ದಿನ ಬಾಳುವುದಿಲ್ಲ. ನಿಮ್ಮ ಫೋನ್ ಆ ಹಂತಕ್ಕೆ ಹೋಗಿಲ್ಲ ಎಂದೇ ಲಕ್ಷಣಗಳು ಹೇಳುತ್ತವೆ.

ಫೋನ್ ವಾಪಸ್ ಪಡೆಯುವಾಗ ಕೌಂಟರಿನಲ್ಲೇ ನಿಂತು ನೋಡಿಕೊಳ್ಳಿ. ಸ್ಯಾಮ್‌ಸಂಗ್ ಆದರೆ ಡಯಲ್ ಪ್ಯಾಡಿನಲ್ಲಿ *#0*# ಒತ್ತಿದರೆ ಟೆಸ್ಟ್ ಮೆನು ಬರುತ್ತದೆ, ಬೇರೆಯದಾದರೆ ಕೈಯಿಂದಲೇ ಒಂದೊಂದಾಗಿ. ರೆಕಾರ್ಡರ್‌ನಲ್ಲಿ ಮಾತಾಡಿ ಕೇಳಿ, ಒಂದು ಕಾಲ್ ಮಾಡಿ ಕಿವಿಗಿಟ್ಟಾಗ ಸ್ಕ್ರೀನ್ ಆರುತ್ತದೆಯೇ ನೋಡಿ, ಮುಂದಿನ ಹಿಂದಿನ ಕ್ಯಾಮೆರಾ ಎರಡರಲ್ಲೂ ಐದು ನಿಮಿಷ ವಿಡಿಯೊ ಮಾಡಿ. ಫೋನ್ ಬಿಸಿಯಾದಾಗ ಲೆನ್ಸಿನ ಒಳಗೆ ಆವಿ ಕಟ್ಟಿದರೆ ನೀರು ಇನ್ನೂ ಇದೆ, ಅಲ್ಲೇ ವಾಪಸ್ ಕೊಡಿ. ಬರೀ ಸ್ಪೀಕರ್ ಮಂಕಾಗಿದ್ದರೆ ಗಾಬರಿ ಬೇಡ, ಜಾಲರಿಗೆ ಸೋಪು ಹಿಡಿದಿರುತ್ತದೆ, ಸ್ಪೀಕರ್ ಬದಲಾಯಿಸುವುದು ಸಣ್ಣ ಕೆಲಸ. ನೀರು ಹೊರಹಾಕುತ್ತವೆ ಎನ್ನುವ ಗುಂಯ್‌ಗುಡುವ ವಿಡಿಯೊಗಳು ಸ್ಪೀಕರಿನ ಬಾಯಲ್ಲಿ ನಿಂತ ಹನಿಯನ್ನು ಮಾತ್ರ ಉದುರಿಸುತ್ತವೆ, ಬೋರ್ಡಿನ ತನಕ ಅವು ಏನೂ ಮಾಡಲಾರವು.

ಬೆನ್ನು ಅಂಟಿಸುವಾಗ ಹಳೆಯ ಅಂಟನ್ನು ಪೂರ್ತಿ ತೆಗೆದು ಆ ಮಾಡೆಲಿನ ಹೊಸ ಗ್ಯಾಸ್ಕೆಟ್ ಸ್ಟಿಕರ್ ಹಾಕಲು ಹೇಳಿ. ಸಿಗದಿದ್ದರೆ ಬಿ-7000 ಗಮ್ ಹಚ್ಚುತ್ತಾರೆ, ಅದು ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಬೇಕು. ಅಲ್ಲಿಯವರೆಗೆ ರಬ್ಬರ್ ಬ್ಯಾಂಡ್ ಬಿಚ್ಚಬೇಡಿ, ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ಕೂರಬೇಡಿ. ಯಾವುದನ್ನು ಹಚ್ಚಿದರೂ ಬಾಕ್ಸಿನ ಮೇಲಿನ ಐಪಿ67 ಇನ್ನು ನಿಮ್ಮ ಫೋನಿಗೆ ಅನ್ವಯಿಸುವುದಿಲ್ಲ. ಮಳೆಯಲ್ಲಿ ಹೊರಗೆ ಹೋಗುವಾಗ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಡಿ.